ಕಾಫಿ ಕಣದಲ್ಲಿ ಹೋವರ್‌ಕ್ರಾಫ್ಟ್ ಎಬ್ಬಿಸಿದ ಕಥೆ

ಸಣ್ಣ ಎಂಜಿನ್ ರಿಪೇರಿ ನನ್ನ ಕೆಲಸ. ಸಕಲೇಶಪುರ ಸುತ್ತಿನ ತೋಟಗಳ ಸ್ಪ್ರೇ ಪಂಪು, ಕಳೆ ಕತ್ತರಿಸುವ ಮಷಿನ್ನು, ಪಲ್ಪರ್ ಮೋಟಾರು ಎಲ್ಲ ನನ್ನ ಅಂಗಡಿಗೆ ಬರುತ್ತವೆ. ನಾವು ಹೋವರ್‌ಕ್ರಾಫ್ಟ್, ಅಂದರೆ ಕೆಳಗೆ ಗಾಳಿ ಊದಿಕೊಂಡು ನೆಲದಿಂದ ತುಸು ಎದ್ದು ಓಡುವ ಗಾಡಿ, ಮಾಡಿದ್ದು ಗೊತ್ತಾದ ಮೇಲೆ ಬಂದವರೆಲ್ಲ ಕೇಳುವುದು ಒಂದೇ: ಎಷ್ಟು ಎಚ್‌ಪಿ ಎಂಜಿನ್ ಹಾಕಿದ್ದೀರಿ? ಹೇಳುತ್ತೇನೆ. ಆದರೆ ಈ ಗಾಡಿಯ ಹಣೆಬರಹ ಇರುವುದು ಅದರ ಸುತ್ತ ನೇತಾಡುವ ಬಟ್ಟೆಯಲ್ಲಿ. ಅದನ್ನು ಸ್ಕರ್ಟ್ ಅನ್ನುತ್ತಾರೆ. ಸ್ಕರ್ಟ್ ಸರಿ ಇದ್ದರೆ ಸಾಧಾರಣ ಎಂಜಿನ್ ಸಾಕು, ಸರಿ ಇಲ್ಲದಿದ್ದರೆ ಎಷ್ಟು ದೊಡ್ಡ ಎಂಜಿನ್ ಹಾಕಿದರೂ ಗಾಳಿ ಎಲ್ಲ ಪಕ್ಕದಿಂದ ಹಾರಿಹೋಗಿ ಗಾಡಿ ನೆಲ ಬಿಡುವುದೇ ಇಲ್ಲ.

ಇದನ್ನು ಯಾಕೆ ಮಾಡಿದೆವು ಅಂದರೆ, ಗೊರೂರು ಅಣೆಕಟ್ಟಿನ ಹಿನ್ನೀರಿನ ಅಂಚು ನೋಡಿದವರಿಗೆ ಅದು ಗೊತ್ತಾಗುತ್ತದೆ. ಶೆಟ್ಟಿಹಳ್ಳಿ ಚರ್ಚ್ ಕಡೆ ಬೇಸಿಗೆಯಲ್ಲಿ ಹೋಗಿ ನೋಡಿ. ಮಳೆಗಾಲದಲ್ಲಿ ಗೋಡೆಗೆ ನೀರು ನಿಂತಿರುತ್ತದೆ, ಬೇಸಿಗೆಯಲ್ಲಿ ಅದೇ ಜಾಗ ಒಣ ನೆಲ. ನಡುವೆ ನೀರು ಇಳಿಯುವ ಹೊತ್ತಿಗೆ ದಡದ ಉದ್ದಕ್ಕೂ ಕೆಸರಿನ ಪಟ್ಟಿ ಉಳಿಯುತ್ತದೆ. ದೋಣಿ ಅಲ್ಲಿ ಬರುವುದಿಲ್ಲ, ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುತ್ತದೆ. ಅಲ್ಲಿ ಯಾರಾದರೂ ಸಿಕ್ಕಿಹಾಕಿಕೊಂಡರೆ ಹತ್ತಿರ ಹೋಗುವುದು ಹೇಗೆ? ನೀರು, ಕೆಸರು, ಹುಲ್ಲು ಮೂರರ ಮೇಲೂ ನಿಲ್ಲದೆ ಹೋಗುವ ಗಾಡಿ ಇದು. ನಮ್ಮ ಕರಾವಳಿ ಕಾವಲು ಪಡೆ ಕೂಡ ಆಳ ಕಡಿಮೆ ಇರುವ ಕಡಲ ಅಂಚಿಗೆ ಹೋವರ್‌ಕ್ರಾಫ್ಟ್ ಇಟ್ಟುಕೊಂಡಿರುವುದು ಇದೇ ಕಾರಣಕ್ಕೆ.

ನನ್ನ ಜೊತೆ ದುಡಿದವನು ಅಕ್ಕನ ಮಗ. ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ಲೆಕ್ಕ ಅವನದು, ಸ್ಪ್ಯಾನರ್ ನನ್ನದು.

ಲೆಕ್ಕ ಕಷ್ಟವಿಲ್ಲ. ನಮ್ಮ ಗಾಡಿ 10 ಅಡಿ ಉದ್ದ, 5 ಅಡಿ ಅಗಲ. ಸ್ಕರ್ಟ್ ಒಳಗೆ ಗಾಳಿ ನಿಲ್ಲುವ ಜಾಗ ಸುಮಾರು 4 ಚದರ ಮೀಟರ್. ಎರಡು ಎಂಜಿನ್, ಫ್ಯಾನು, ಮೈಕಟ್ಟು, ಪೆಟ್ರೋಲು, ಕೂತ ಮನುಷ್ಯ ಎಲ್ಲ ಸೇರಿ 240 ಕೆಜಿ. ಭಾಗಿಸಿದರೆ ಚದರ ಮೀಟರಿಗೆ 60 ಕೆಜಿ. ಇದರ ಚೆಂದ ಏನೆಂದರೆ ಚದರ ಮೀಟರಿಗೆ ಎಷ್ಟು ಕೆಜಿಯೋ ಅಷ್ಟೇ ಮಿಲಿಮೀಟರ್ ನೀರಿನ ಎತ್ತರದ ಒತ್ತಡ. ಅಂದರೆ ಕೆಳಗಿನ ಗಾಳಿಯ ಒತ್ತಡ ಆರು ಸೆಂಟಿಮೀಟರ್ ನೀರನ್ನು ಎತ್ತುವಷ್ಟಿದ್ದರೆ ಸಾಕು, 240 ಕೆಜಿ ಏಳುತ್ತದೆ! ಕೆಸರಿನಲ್ಲಿ ನಿಂತ ಮನುಷ್ಯನ ಪಾದದ ಕೆಳಗೆ ಇದರ ಇಪ್ಪತ್ತು ಮೂವತ್ತು ಪಟ್ಟು ಒತ್ತಡ ಇರುತ್ತದೆ. ಅದಕ್ಕೇ ಕಾಲು ಹೂಳುತ್ತದೆ, ಇದು ಹೂಳುವುದಿಲ್ಲ.

ಒತ್ತಡ ಕಡಿಮೆಯೇ, ಆದರೆ ಗಾಳಿ ಬೇಕಾಗುವುದು ಜಾಸ್ತಿ. ಅಷ್ಟೇ ಒತ್ತಡಕ್ಕೂ ಸ್ಕರ್ಟಿನ ಅಂಚಿನಿಂದ ಗಾಳಿ ಸೆಕೆಂಡಿಗೆ 33 ಮೀಟರ್ ವೇಗದಲ್ಲಿ ಹೊರಗೆ ನುಗ್ಗುತ್ತದೆ, ಗಂಟೆಗೆ ನೂರಿಪ್ಪತ್ತು ಕಿಲೋಮೀಟರ್ ಹತ್ತಿರ. ಸುತ್ತಲೂ ಎಂಟೂವರೆ ಮೀಟರ್ ಅಂಚು. ಅಂಚಿಗೂ ನೆಲಕ್ಕೂ ನಡುವೆ 12 ಮಿಲಿಮೀಟರ್ ಸಂದಿ ಇದ್ದರೆ, ಹೊರಡುವ ಗಾಳಿಯ ಧಾರೆ ಸಂದಿಗಿಂತ ಕಿರಿದಾಗುವುದನ್ನೂ ಲೆಕ್ಕಕ್ಕೆ ಹಿಡಿದು, ಸೆಕೆಂಡಿಗೆ 2 ಘನ ಮೀಟರ್ ಗಾಳಿ ಬೇಕು. ಫ್ಯಾನಿನ ನಷ್ಟ ಎಲ್ಲ ಹಿಡಿದು ಮೂರು ಮೂರೂವರೆ ಎಚ್‌ಪಿ. ಸಂದಿ 24 ಮಿಲಿಮೀಟರ್ ಆದರೆ ಎಲ್ಲವೂ ಎರಡರಷ್ಟು. ನಮ್ಮೂರು ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಆಸುಪಾಸು ಇದೆ, ಗಾಳಿ ತೆಳು, ಪೆಟ್ರೋಲ್ ಎಂಜಿನ್ನಿನ ಶಕ್ತಿ ಹತ್ತರಲ್ಲಿ ಒಂದು ಪಾಲು ಹಾಗೇ ಹೋಗುತ್ತದೆ. ಅದನ್ನೆಲ್ಲ ಸೇರಿಸಿ ಎತ್ತುವುದಕ್ಕೆ ಆರೂವರೆ ಎಚ್‌ಪಿ ಅಂತ ಮಾರುವ 196 ಸಿಸಿ ಹೋಂಡಾ ಜಿಎಕ್ಸ್200 ಇಟ್ಟೆವು. ತಳ್ಳುವುದಕ್ಕೆ 13 ಎಚ್‌ಪಿಯ ಜಿಎಕ್ಸ್390. ಒಂದೇ ಎಂಜಿನ್, ಒಂದೇ ಫ್ಯಾನಿನಲ್ಲಿ ಎರಡೂ ಕೆಲಸ ಮಾಡಿಸುವವರೂ ಇದ್ದಾರೆ. ತೂಕ ಉಳಿಯುತ್ತದೆ ನಿಜ. ಆದರೆ ಹೊಸದಾಗಿ ಮಾಡುವವರಿಗೆ ಎರಡು ಎಂಜಿನ್ ಒಳ್ಳೆಯದು, ಯಾಕೆಂದರೆ ಎಲ್ಲಿ ತೊಂದರೆ ಅಂತ ಬೇರೆ ಬೇರೆ ಮಾಡಿ ನೋಡಬಹುದು.

ಮೈಕಟ್ಟು ತೆಳು ಪ್ಲೈವುಡ್. ತಳಕ್ಕೆಲ್ಲ ಮೂರು ಇಂಚು ದಪ್ಪ ಥರ್ಮಾಕೋಲ್. ಅದರಿಂದ 340 ಲೀಟರ್ ತೇಲುವ ಶಕ್ತಿ ಬರುತ್ತದೆ, ಎಂಜಿನ್ ನಿಂತರೂ ಗಾಡಿ ಮುಳುಗುವುದಿಲ್ಲ. ಇಲ್ಲೊಂದು ಎಚ್ಚರಿಕೆ. ಫೈಬರ್ ಕೆಲಸಕ್ಕೆ ಬಳಸುವ ಮಾಮೂಲಿ ಪಾಲಿಯೆಸ್ಟರ್ ರೆಸಿನ್ ಥರ್ಮಾಕೋಲ್ ಮೇಲೆ ಹಚ್ಚಿದರೆ ಅದು ಕರಗಿಹೋಗುತ್ತದೆ. ಪೆಟ್ರೋಲ್ ಬಿದ್ದರೂ ಅಷ್ಟೇ. ದುಡ್ಡು ಜಾಸ್ತಿಯಾದರೂ ಎಪಾಕ್ಸಿಯೇ ಬೇಕು, ಟ್ಯಾಂಕಿನ ಕೆಳಗೆ ಒಂದು ತಗಡಿನ ತಟ್ಟೆ ಇಡಲೇಬೇಕು.

ಈ ಯಂತ್ರದ ಮೂಲಪುರುಷ ಕ್ರಿಸ್ಟೋಫರ್ ಕಾಕರೆಲ್ ಅನ್ನುವ ಇಂಗ್ಲಿಷ್ ಎಂಜಿನಿಯರ್. 1955ರಲ್ಲಿ ಆತ ಒಂದರೊಳಗೊಂದು ಖಾಲಿ ಡಬ್ಬ ಇಟ್ಟು, ನಡುವಿನ ಸಂದಿಯಲ್ಲಿ ಗಾಳಿ ಊದಿ, ಅಡುಗೆಮನೆ ತಕ್ಕಡಿಯ ಮೇಲೆ ಒತ್ತಡ ಅಳೆದರು. ಡಬ್ಬದಿಂದ ಶುರುವಾದದ್ದು 1959ರ ಜುಲೈ 25ಕ್ಕೆ ಇಂಗ್ಲಿಷ್ ಕಾಲುವೆ ದಾಟಿತು. ಆ ಎಸ್‌ಆರ್‌ಎನ್1 ಗಾಡಿಗೆ ಮೊದಲು ಸ್ಕರ್ಟ್ ಇರಲಿಲ್ಲ. ನಾಲ್ಕು ಟನ್ ಆಸುಪಾಸಿನ ಅದಕ್ಕೆ 400ಕ್ಕೂ ಜಾಸ್ತಿ ಎಚ್‌ಪಿ ಬೇಕಾಗಿತ್ತು, ಏಳುತ್ತಿದ್ದದ್ದು ಒಂಬತ್ತು ಇಂಚು ಅಷ್ಟೇ. ಸ್ಕರ್ಟ್ ಬಂದ ಮೇಲೆ ಅಲೆ ದಾಟುವ ಗಾಡಿ ಆಯಿತು. ನಾನು ಬಟ್ಟೆ ಬಟ್ಟೆ ಅಂತ ಹೇಳುತ್ತಿರುವುದು ಇದಕ್ಕೇ.

ನಮ್ಮದು ಚೀಲದ ಥರದ ಸ್ಕರ್ಟ್. ಫ್ಯಾನಿನ ಗಾಳಿ ಮೊದಲು ಸುತ್ತಲಿನ ಚೀಲ ತುಂಬುತ್ತದೆ, ಚೀಲದ ಒಳಬದಿಯ ತೂತುಗಳಿಂದ ಗಾಡಿಯ ಕೆಳಗೆ ಬರುತ್ತದೆ. ಲಾರಿ ಟಾರ್ಪಾಲ್ ಗಟ್ಟಿ, ಆದರೆ ಭಾರ, ಮೂಲೆಯಲ್ಲಿ ಮಡಚಿ ನಿಲ್ಲುತ್ತದೆ, ನೆಲಕ್ಕೆ ಹೊಂದಿಕೊಳ್ಳುವುದಿಲ್ಲ. ಹಗುರವಾದ, ಲೇಪ ಇರುವ ನೈಲಾನ್ ಬಟ್ಟೆ ತಂದು, ಜೀಪಿನ ಸೀಟು ಹೊಲಿಯುವ ಅಣ್ಣನ ಹತ್ತಿರ ಕೂತು ಹೊಲಿಸಿದೆವು. ಉದ್ದದ ಬದಿಗಳು ಸುಲಭ. ಮೂಲೆಗಳು ಮಾತ್ರ ತಲೆ ತಿನ್ನುತ್ತವೆ. ಮೊದಲು ಹಳೇ ಗೊಬ್ಬರದ ಚೀಲ ಕತ್ತರಿಸಿ ಮೂಲೆಯ ಅಚ್ಚು ಮಾಡಿ, ಗಾಡಿಗೆ ಕಟ್ಟಿ ಊದಿ ನೋಡಿ, ಅದೇ ಅಳತೆಗೆ ಒಳ್ಳೆ ಬಟ್ಟೆ ಕತ್ತರಿಸಬೇಕು. ಹೊಲಿಗೆಯ ತೂತಿನಿಂದಲೇ ಬಟ್ಟೆ ಹರಿಯುತ್ತದೆ, ಹಾಗಾಗಿ ಎರಡು ಸಾಲು ಹೊಲಿಗೆ, ಅದರ ಮೇಲೆ ಅದೇ ಬಟ್ಟೆಯ ಪಟ್ಟಿಯನ್ನು ಅಂಟಿಸಿದೆವು.

ಪರೀಕ್ಷೆಗೆ ಕಾಫಿ ಕಣಕ್ಕಿಂತ ಒಳ್ಳೆ ಜಾಗ ನಮ್ಮ ಸೀಮೆಯಲ್ಲಿ ಇಲ್ಲ. ಅಗಲವಾದ ನುಣ್ಣನೆ ಸಿಮೆಂಟು ನೆಲ. ಪರಿಚಯದ ತೋಟದ ಗೌಡ್ರು ಕೊಯ್ಲು ಮುಗಿದ ಮೇಲೆ ಕಣ ಬಿಟ್ಟುಕೊಟ್ಟರು. "ಕಾಫಿ ಒಣಗೋ ಹೊತ್ತಿಗೆ ಮಾತ್ರ ಬರಬೇಡಿ ಮಾರಾಯ್ರೆ" ಅಂದರು, ಅಷ್ಟೇ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೇಸ್ತ್ರಿಗಳು ಲೆವೆಲ್ ನೋಡುವ ಪಾರದರ್ಶಕ ಪೈಪ್ ಇದೆಯಲ್ಲ, ಅದನ್ನು ಎರಡು ತುಂಡು ತನ್ನಿ. ಹಲಗೆಯ ಮೇಲೆ ಇಂಗ್ಲಿಷಿನ ಯು ಆಕಾರಕ್ಕೆ ಬಗ್ಗಿಸಿ, ನೀರಿಗೆ ಎರಡು ಹನಿ ಇಂಕು ಹಾಕಿ ಅರ್ಧ ತುಂಬಿ, ಹಿಂದೆ ಸ್ಕೇಲ್ ಅಂಟಿಸಿ. ಒಂದರ ತುದಿ ಗಾಡಿಯ ಕೆಳಗೆ, ಇನ್ನೊಂದರ ತುದಿ ಚೀಲದ ಒಳಗೆ. ಎರಡರ ಇನ್ನೊಂದು ತುದಿ ಬಯಲಿಗೆ. ಎರಡು ಬದಿಯ ನೀರಿನ ವ್ಯತ್ಯಾಸವೇ ಒತ್ತಡ. ಬಿಡಿಕಾಸು ಖರ್ಚಿನ ಈ ಸಾಧನ ಇಲ್ಲದೆ ನಾನು ಇನ್ನೊಂದು ಹೋವರ್‌ಕ್ರಾಫ್ಟ್ ಮುಟ್ಟುವುದಿಲ್ಲ.

ಎಂಜಿನ್ ಏರಿಸಿದಾಗ ಗಾಡಿ ಎದ್ದಿತು, ಆದರೆ ಸ್ಕರ್ಟ್ ಪಟಪಟ ಬಡಿದುಕೊಂಡು ಇಡೀ ಗಾಡಿ ಕುಣಿಯತೊಡಗಿತು. ಎಂಜಿನ್ ಇಳಿಸಿದರೆ ನಿಲ್ಲುತ್ತದೆ, ಏರಿಸಿದರೆ ಮತ್ತೆ ಶುರು. ನೋಡಿದವರು ಫ್ಯಾನು ಬ್ಯಾಲೆನ್ಸ್ ಇಲ್ಲ ಅಂದರು. ಹುಡುಗ ಪೈಪಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದವನು ಕೂಗಿದ.

"ಮಾವ, ಎರಡೂ ಪೈಪು ಒಂದೇ ತೋರಿಸ್ತಿದೆ. ಚೀಲದಲ್ಲೂ ಅರವತ್ತೇ."

ಅಲ್ಲೇ ಇತ್ತು ರೋಗ. ಚೀಲದ ಒಳಗಿನ ಒತ್ತಡ ಕೆಳಗಿನದಕ್ಕಿಂತ ಸ್ವಲ್ಪ ಜಾಸ್ತಿ ಇರಬೇಕು. ಎರಡೂ ಸಮ ಆದರೆ ಚೀಲ ಬಿಗಿಯಾಗಿ ನಿಲ್ಲುವುದಿಲ್ಲ. ಸಡಿಲ ಬಟ್ಟೆ ಹೊರಹೋಗುವ ಗಾಳಿಗೆ ಬಡಿಯುತ್ತದೆ. ಒಳಬದಿಯ ತೂತುಗಳಲ್ಲಿ ಒಂದು ಬಿಟ್ಟು ಒಂದಕ್ಕೆ ಟೇಪ್ ಹಚ್ಚುತ್ತ ಹೋದೆವು. ಗಾಳಿಗೆ ದಾರಿ ಕಿರಿದಾದ ಹಾಗೆ ಚೀಲದ ಪೈಪಿನಲ್ಲಿ ನೀಲಿ ನೀರು ಮೇಲೇರಿತು. 75ಕ್ಕೆ ಬಂದಾಗ ಬಡಿತ ಪೂರ್ತಿ ನಿಂತಿತು. ಕೆಳಗೆ 60, ಚೀಲದಲ್ಲಿ 75. ಇನ್ನೂ ಮುಚ್ಚಿದರೆ ಚೀಲ ಕಲ್ಲಿನ ಹಾಗೆ ಗಟ್ಟಿಯಾಗಿ, ಸಣ್ಣ ಉಬ್ಬು ಬಂದರೂ ತಟ್ಟಿ ನಿಲ್ಲುತ್ತದೆ. ಈ ಎರಡು ಅಂಕಿ ಗಾಡಿಯ ಪಕ್ಕದಲ್ಲೇ ಪೇಂಟಿನಲ್ಲಿ ಬರೆದಿಟ್ಟಿದ್ದೇವೆ.

ಮುಂದಿನದು ಸೋರಿಕೆ. ಸುತ್ತಲೂ ಒಣ ಕಾಫಿ ಸಿಪ್ಪೆ ಉದುರಿಸಿ ಗಾಡಿ ಎಬ್ಬಿಸಿದರೆ ಎಲ್ಲಿ ಗಾಳಿ ಜಾಸ್ತಿ ಹೋಗುತ್ತಿದೆಯೋ ಅಲ್ಲಿ ಸಿಪ್ಪೆ ದೂರ ಹಾರುತ್ತದೆ. ನಮ್ಮದರಲ್ಲಿ ಹಿಂದಿನ ಎಡಮೂಲೆಯಲ್ಲಿ ಹೀಗಾಗುತ್ತಿತ್ತು. ಒಂದು ಮೂಲೆ ಎತ್ತರ ನಿಂತರೆ ಬಟ್ಟೆಯದೇ ತಪ್ಪು ಅಂತ ತಿಳಿಯಬೇಡಿ, ತೂಕ ಹಂಚಿಕೆಯನ್ನೂ ನೋಡಿ. ಆ ಮೂಲೆ ಹಗುರ ಇತ್ತು. ಬ್ಯಾಟರಿಯನ್ನು ಅಲ್ಲಿಗೆ ಸರಿಸಿದೆವು, ಸಿಪ್ಪೆ ಎಲ್ಲ ಕಡೆ ಸಮ ಹಾರಿತು. ಇನ್ನೊಂದು ವಿಷಯ, ಕಣ ಕಣ್ಣಿಗೆ ಸಮ ಕಂಡರೂ ಮಳೆ ನೀರು ಹೋಗಲಿ ಅಂತ ಒಂದು ಕಡೆಗೆ ವಾಟ ಕೊಟ್ಟಿರುತ್ತಾರೆ. ಎದ್ದ ಗಾಡಿಗೆ ಅಷ್ಟು ವಾಟ ಸಾಕು, ತನ್ನಷ್ಟಕ್ಕೆ ಚರಂಡಿ ಕಡೆ ಜಾರುತ್ತದೆ. ನಾಲ್ಕು ಮೂಲೆಗೂ ಹಗ್ಗ ಕಟ್ಟಿಯೇ ಎಬ್ಬಿಸಿ.

ಫ್ಯಾನಿನ ವಿಷಯದಲ್ಲಿ ಎರಡು ಮಾತು. ರೆಕ್ಕೆಯ ತುದಿಗೂ ಸುತ್ತಲಿನ ರಿಂಗಿಗೂ ನಡುವಿನ ಸಂದಿ ಮೂರು ನಾಲ್ಕು ಮಿಲಿಮೀಟರ್ ಮೀರಬಾರದು, ಮೀರಿದರೆ ಗಾಳಿ ತುದಿಯಿಂದ ವಾಪಸ್ ಬರುತ್ತದೆ. ಎರಡನೆಯದು ರೆಕ್ಕೆಯ ಓರೆ. ಓರೆ ಜಾಸ್ತಿ ಇದ್ದರೆ ಎಂಜಿನ್ ಉಸಿರುಗಟ್ಟಿ ಪೂರ್ತಿ ಸುತ್ತು ಏರುವುದಿಲ್ಲ. ನಮ್ಮ ತಳ್ಳುವ ಎಂಜಿನ್ ಪೂರ್ತಿ ಆಕ್ಸಿಲರೇಟರ್ ಕೊಟ್ಟರೂ ನಿಮಿಷಕ್ಕೆ 2,900 ಸುತ್ತಿಗೆ ನಿಂತುಬಿಡುತ್ತಿತ್ತು. 3,600 ಬರಬೇಕಾದ ಎಂಜಿನ್ ಅದು. ಓರೆ ಐದು ಡಿಗ್ರಿ ಕಡಿಮೆ ಮಾಡಿದ ಮೇಲೆ ಸರಿಹೋಯಿತು. ಬೆಲ್ಟ್ ಹಾಕಿ 900 ಮಿಲಿಮೀಟರ್ ಫ್ಯಾನನ್ನು 2,400 ಸುತ್ತಿಗೆ ಇಳಿಸಿದ್ದೇವೆ. ಅಷ್ಟಕ್ಕೇ ರೆಕ್ಕೆಯ ತುದಿ ಗಂಟೆಗೆ 400 ಕಿಲೋಮೀಟರ್ ವೇಗದಲ್ಲಿ ಇರುತ್ತದೆ. ಹಾಗಾಗಿ ಹಿಂದೆ ಮುಂದೆ ಗಟ್ಟಿ ಜಾಲರಿ ಇಲ್ಲದೆ ಸ್ಟಾರ್ಟ್ ಮಾಡಲೇಬೇಡಿ, ಒಂದು ನಟ್ ಒಳಗೆ ಹೋದರೆ ಗುಂಡಿನ ಹಾಗೆ ಹೊರಗೆ ಬರುತ್ತದೆ.

ತಳ್ಳುವ ಶಕ್ತಿ ಅಳೆಯಲು ಕಾಫಿ ಹಣ್ಣು ತೂಗುವ ಸ್ಪ್ರಿಂಗ್ ತಕ್ಕಡಿ ತಂದೆವು. ಒಂದು ಕೊಕ್ಕೆ ಸಿಲ್ವರ್ ಓಕ್ ಮರಕ್ಕೆ, ಇನ್ನೊಂದು ಗಾಡಿಗೆ. ಗಾಡಿ ಎದ್ದಿರುವಾಗ ತಳ್ಳುವ ಎಂಜಿನ್ ಏರಿಸಿದರೆ ಮುಳ್ಳು 28 ಕೆಜಿ ತೋರಿಸಿತು. ಸಿಮೆಂಟಿನ ಮೇಲೆ ಓಡಿಸಲು ಇದು ಧಾರಾಳ.

ನೀರಿನ ಮೇಲೆ ಕಥೆ ಬೇರೆ. ತೋಟದ ಕೆರೆಗೆ ಇಳಿಸಿದಾಗ ಗಾಡಿ ಮೂತಿ ಎತ್ತಿಕೊಂಡು ನೀರು ಎರಚುತ್ತ ನಡೆಯುವ ವೇಗದಲ್ಲೇ ಉಳಿಯಿತು. ಕಾರಣ ಇಷ್ಟು. ನೀರಿನ ಮೇಲೆ ನಿಂತ ಹೋವರ್‌ಕ್ರಾಫ್ಟ್ ತನ್ನ ತೂಕದಷ್ಟೇ ನೀರನ್ನು ಒತ್ತಿ ಕೆಳಗೆ ಆರು ಸೆಂಟಿಮೀಟರ್ ತಗ್ಗು ಮಾಡಿಕೊಂಡಿರುತ್ತದೆ. ಹೊರಟಾಗ ಮುಂದೆ ಅಲೆ ಏಳುತ್ತದೆ, ಗಾಡಿ ಆ ಅಲೆಯನ್ನೇ ಹತ್ತಬೇಕು. ನಮ್ಮ ಉದ್ದದ ಗಾಡಿಗೆ ಗಂಟೆಗೆ ಹತ್ತು ಹನ್ನೊಂದು ಕಿಲೋಮೀಟರ್ ವೇಗದಲ್ಲಿ ಈ ಎಳೆತ ಅತಿ ಜಾಸ್ತಿ, ನೀರಿನ ಆಳ ಕಡಿಮೆ ಇದ್ದರೆ ಇನ್ನೂ ಕಷ್ಟ. ಅದನ್ನು ದಾಟಿಬಿಟ್ಟರೆ ಅಲೆ ಹಿಂದೆ ಉಳಿದು ಗಾಡಿ ಒಮ್ಮೆಲೇ ಹಗುರಾಗಿ ಓಡುತ್ತದೆ. ನಮಗೆ ಕೈಹಿಡಿದದ್ದು ದಡದಿಂದಲೇ ವೇಗ ತೆಗೆದುಕೊಂಡು ನೀರಿಗೆ ಇಳಿಯುವುದು. ಕೊಯ್ಲಾದ ಗದ್ದೆಯಲ್ಲಿ ಓಡಿ, ಹಾಗೇ ಕೆರೆಗೆ. ಆ ಅಲೆ ಹಿಂದೆ ಬಿದ್ದ ಗಳಿಗೆಯಲ್ಲಿ ಎರಚುವ ನೀರೆಲ್ಲ ತಟ್ಟನೆ ತಗ್ಗಿ, ಹುಡುಗ ಕೆರೆಯ ಆಚೆ ದಡಕ್ಕೆ ಹೋದದ್ದು ನೋಡಿ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಓಡಿಸುವವರು ತಿಳಿದಿರಬೇಕಾದ್ದು: ಇದಕ್ಕೆ ಬ್ರೇಕ್ ಇಲ್ಲ, ತಿರುವಿನಲ್ಲಿ ಅಡ್ಡಡ್ಡ ಜಾರುತ್ತದೆ, ತುಂಬಾ ಮೊದಲೇ ತಿರುಗಿಸಲು ಶುರುಮಾಡಬೇಕು. ವೇಗದಲ್ಲಿ ಇರುವಾಗ ಎತ್ತುವ ಎಂಜಿನ್ ಇಳಿಸಬೇಡಿ. ಮುಂದಿನ ಸ್ಕರ್ಟ್ ನೀರಿಗೆ ಸಿಕ್ಕಿ ಒಳಗೆ ಮಡಚಿಕೊಂಡು ಮೂತಿ ಕುಕ್ಕುತ್ತದೆ, ಮನುಷ್ಯ ಮುಂದಕ್ಕೆ ಹಾರುತ್ತಾನೆ. ಮೊದಲು ತಳ್ಳುವುದನ್ನು ನಿಲ್ಲಿಸಿ, ನಿಧಾನ ಆದ ಮೇಲೆ ಎತ್ತುವುದನ್ನು. ಕೂರುವ ಜಾಗ ಸ್ವಲ್ಪ ಹಿಂದಕ್ಕೇ ಇರಲಿ. ಲೈಫ್ ಜಾಕೆಟ್, ಹೆಲ್ಮೆಟ್, ಕಿವಿಗೆ ಮುಚ್ಚಳ, ಮನುಷ್ಯ ಬಿದ್ದರೆ ಎರಡೂ ಎಂಜಿನ್ ಆಫ್ ಆಗುವ ದಾರ ಇವುಗಳಲ್ಲಿ ಯಾವುದೂ ಬಿಡುವ ಹಾಗಿಲ್ಲ. ಜಲಾಶಯದ ಹಿನ್ನೀರಿಗೆ ಅನುಮತಿ ಕೇಳದೆ ಇಳಿಯಬೇಡಿ. ನಾವು ಇನ್ನೂ ತೋಟದ ಕೆರೆ, ಗದ್ದೆಯಲ್ಲೇ ಇದ್ದೇವೆ.

ಈಗ ನಡೆಯುತ್ತಿರುವ ಕೆಲಸ ಮುಂಭಾಗದ ಸ್ಕರ್ಟ್. ಭತ್ತದ ಕೂಳೆ ತಾಗಿ ಚೀಲದ ಕೆಳ ಅಂಚು ಬೇಗ ಸವೆಯುತ್ತಿದೆ, ಒಂದು ಕಡೆ ಹರಿದರೆ ಇಡೀ ಚೀಲದ ಒತ್ತಡ ಬೀಳುತ್ತದೆ. ಅದಕ್ಕೆ ಮುಂದೆ ಮಾತ್ರ ಬಿಡಿ ಬಿಡಿ ಬೆರಳುಗಳ ಥರದ ಸ್ಕರ್ಟ್ ಹಾಕುತ್ತಿದ್ದೇವೆ. ಒಂದು ಬೆರಳು ಹರಿದರೆ ಪಕ್ಕದವು ಉಬ್ಬಿ ಆ ಜಾಗ ಮುಚ್ಚುತ್ತವೆ, ಹರಿದದ್ದನ್ನು ಮಾತ್ರ ಬಿಚ್ಚಿ ಬದಲಿಸಬಹುದು. ಹೊಲಿಗೆ ಕೆಲಸ ತುಂಬಾ ಜಾಸ್ತಿ. ಅಚ್ಚು ಸರಿಬಂದ ಮೇಲೆ ಅಳತೆ ಸಮೇತ ಬರೆಯುತ್ತೇನೆ, ಬೇಕಾದವರು ಹಾಗೇ ಕತ್ತರಿಸಿಕೊಳ್ಳಬಹುದು.