ಪಲ್ಪರಿನ ಬೋಲ್ಟ್ ಬಿಚ್ಚಿದಾಗ

ಸೋಮವಾರಪೇಟೆ ಹತ್ತಿರ ನಮ್ಮ ದೊಡ್ಡಪ್ಪನ ತೋಟದಲ್ಲಿ ಹಳೇ ಕಾಫಿ ಪಲ್ಪರ್, ಅಂದರೆ ಹಣ್ಣಿನ ಸಿಪ್ಪೆ ಬಿಡಿಸೋ ಯಂತ್ರ, ಒಂದಿದೆ. ಅದರ ಚರಿತ್ರೆ ಬರೆಯೋಣ ಅಂತ ಹೊರಟವನು ಮೊದಲು ಕೇಳಿದ್ದು, "ಇದನ್ನ ಯಾವ ವರ್ಷ ತಂದ್ರು ದೊಡ್ಡಪ್ಪ?" ಅಂತ. "ನಾನು ಹುಟ್ಟೋಕೆ ಮೊದಲೇ ಇತ್ತಪ್ಪ" ಅಂದರು. ಅಲ್ಲಿಗೆ ಮಾತು ನಿಂತಿತು.

ಯಂತ್ರದ ಕೆಲಸ ಸರಳ. ಕೊಯ್ದ ದಿನವೇ ಹಣ್ಣನ್ನು ನೀರಿನ ಜೊತೆ ಮೇಲಿಂದ ಬಿಡುತ್ತಾರೆ. ಉಬ್ಬು ಉಬ್ಬಾದ ತಾಮ್ರದ ತಗಡು ಸುತ್ತಿದ ಡ್ರಮ್ ತಿರುಗುತ್ತಾ ಹಣ್ಣನ್ನು ಎದುರಿನ ಪಟ್ಟಿಗೆ ಒತ್ತುತ್ತದೆ. ಸಿಪ್ಪೆ ಒಂದು ಕಡೆ, ಬೀಜ ಒಂದು ಕಡೆ. ನಡುವಿನ ಸಂದು ಜಾಸ್ತಿಯಾದರೆ ಹಣ್ಣು ಹಾಗೇ ದಾಟಿಬಿಡುತ್ತದೆ, ಕಮ್ಮಿಯಾದರೆ ಬೀಜಕ್ಕೆ ಪೆಟ್ಟು.

ಮೊದಲ ದಿನವೇ ದೊಡ್ಡ ತಪ್ಪು ಮಾಡಿದೆ. ಚೆನ್ನಾಗಿ ಕಾಣಲಿ ಅಂತ ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿದೆ. ತುಕ್ಕಿನ ಜೊತೆ ಹಳೇ ಬಣ್ಣವೂ ಎದ್ದು ಹೋಯಿತು. ಒಂದರ ಮೇಲೊಂದು ಮೂರು ಬಣ್ಣ ಇದ್ದದ್ದು ಮೂಲೆಯಲ್ಲಿ ಉಳಿದ ಚೂರಿನಿಂದ ಆಮೇಲೆ ಗೊತ್ತಾಯಿತು. ಇವತ್ತಿಗೂ ಅದು ನನ್ನನ್ನು ಕಾಡುತ್ತದೆ. ಈಗ ಫೋಟೋ ತೆಗೆಯದೆ ಏನನ್ನೂ ಮುಟ್ಟುವುದಿಲ್ಲ.

ದಾರಿ ತೋರಿಸಿದ್ದು ಬೋಲ್ಟುಗಳು. ಒಂದಕ್ಕೆ 13ನೇ ನಂಬರ್ ಸ್ಪ್ಯಾನರ್ ಸರಿಯಾಗಿ ಕೂತಿತು, ಪಕ್ಕದ್ದಕ್ಕೆ ಯಾವುದೂ ಕೂರಲಿಲ್ಲ. ಬಿಚ್ಚಿ ಮರೆ, ಅಂದರೆ ಬೋಲ್ಟಿನ ಮೈಮೇಲಿನ ಸುರುಳಿ ಗೆರೆ, ಎಣಿಸಿದೆ. ಅರ್ಧ ಇಂಚಿನ ಬೋಲ್ಟ್, ಇಂಚಿಗೆ 12 ಮರೆ. ಅದು ವಿಟ್‌ವರ್ತ್ ಅಳತೆ, ಇಂಗ್ಲೆಂಡಿನಲ್ಲಿ 1841ರಲ್ಲಿ ಶುರುವಾದದ್ದು. ಅಮೆರಿಕದ ಅರ್ಧ ಇಂಚಿನ ಸಾಮಾನ್ಯ ಬೋಲ್ಟಿನಲ್ಲಾದರೆ 13 ಮರೆ ಇರುತ್ತದೆ. ಸ್ಪ್ಯಾನರ್ ಕೂತದ್ದು ಮೆಟ್ರಿಕ್, ಅಂದರೆ ಮಿಲಿಮೀಟರ್ ಲೆಕ್ಕದ್ದು. ನಮ್ಮಲ್ಲಿ ಮೆಟ್ರಿಕ್ ಕಾನೂನು ಬಂದದ್ದು 1956ರಲ್ಲಿ, ಜಾರಿ ಶುರುವಾದದ್ದು 1958ರಿಂದ. ಹಾಗಾಗಿ ಆ ಬೋಲ್ಟ್ ಹಾಕಿದ ರಿಪೇರಿ ಅದಕ್ಕಿಂತ ಈಚಿನದು ಅನ್ನಬಹುದು. ಆದರೆ ಇಂಚಿನ ಬೋಲ್ಟ್ ಕಂಡ ಕೂಡಲೇ ಹಳೇದು ಅನ್ನೋ ಹಾಗಿಲ್ಲ. ವರ್ಕ್‌ಶಾಪುಗಳ ಡಬ್ಬಿಯಲ್ಲಿ ಅವು ಆಮೇಲೂ ಎಷ್ಟೋ ವರ್ಷ ಇದ್ದವು.

ಒಟ್ಟು 22 ಬೋಲ್ಟ್. ಒಂದೊಂದಕ್ಕೂ ಚೀಟಿ ಕಟ್ಟಿದೆ. ಇಂಚಿನವು ಎಂಟೇ ಎಂಟು. ಒಂದೇ ಯಂತ್ರ ಅಂದುಕೊಂಡಿದ್ದು ತುಂಡು ತುಂಡಾಗಿ ಬದಲಾಗುತ್ತಾ ಬಂದಿದೆ. ಆಮೇಲೆ ನಾನು "ಯಾವಾಗ ತಂದ್ರು" ಅನ್ನುವುದನ್ನು ಬಿಟ್ಟು "ಯಾರು ರಿಪೇರಿ ಮಾಡಿದ್ರು, ಯಾರು ತಿರುಗಿಸ್ತಿದ್ರು" ಅಂತ ಕೇಳತೊಡಗಿದೆ. ಕೊಡಗಿನ ಕಾಫಿ ಚರಿತ್ರೆ ಸಾಮಾನ್ಯವಾಗಿ 1854ರಲ್ಲಿ ಮಡಿಕೇರಿ ಕಡೆ ಯುರೋಪಿಯನ್ನರು ತೋಟ ಮಾಡಿದ್ದರಿಂದ ಶುರುವಾಗುತ್ತದೆ. ಅದರಲ್ಲಿ ಬೆಲ್ಟ್ ಹೊಲಿದವರು, ಡ್ರಮ್ ತಿರುಗಿಸುವ ಶಾಫ್ಟ್ ಕಡೆದವರು ಸಿಗುವುದು ಅಪರೂಪ. ಇದು ಸರಿಯಲ್ಲ ಅಂತ ನನಗೆ ಬಲವಾಗಿ ಅನಿಸುತ್ತದೆ.

ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ವರ್ಷ ಕೇಳಿದರೆ ನೆನಪಿಲ್ಲ ಅಂದರು. "ಕರೆಂಟ್ ಬರೋಕೆ ಮೊದಲಾ ಅಜ್ಜಿ?" ಅಂದದ್ದೇ ಮುಖ ಅರಳಿತು. ಎದ್ದು ನಿಂತು ಎರಡೂ ಕೈ ಗಾಳಿಯಲ್ಲಿ ತಿರುಗಿಸಿ ತೋರಿಸಿದರು. "ಒಬ್ಬರ ಕೈಲಾಗ್ತಿರಲಿಲ್ಲ. ನಾವಿಬ್ಬರು ತಿರುಗಿಸೋದು, ಇನ್ನೊಬ್ಬಳು ನೀರು ಬಿಡೋದು. ನೀರು ಕಮ್ಮಿಯಾದ್ರೆ ಹಿಡಿ ಭಾರ." ನೀರು ಬಿಡುವುದೂ ಒಂದು ಕಸುಬು ಅಂತ ನನಗೆ ಹೊಳೆದೇ ಇರಲಿಲ್ಲ. ವಾಪಸ್ ಹೋಗಿ ನೋಡಿದರೆ ಶಾಫ್ಟಿನ ತುದಿಯಲ್ಲಿ ಹಿಡಿ ಕೂರುತ್ತಿದ್ದ ಚೌಕ ಹಾಗೇ ಇದೆ, ಅದರ ಮೇಲೇ ಮೋಟಾರಿನ ಪುಲ್ಲಿ ಹಾಕಿದ್ದಾರೆ.

ತೋಟದ ಲೆಕ್ಕದ ಪುಸ್ತಕದಲ್ಲಿ ಗ್ರೀಸ್, ಬೆಲ್ಟ್, "ಶಾಫ್ಟ್ ಲೇತ್ ಕೂಲಿ" ಅಂತ ಬರೆದಿದೆ. ಶಾಫ್ಟ್ ಕಡೆಸಿದ್ದು ಕುಶಾಲನಗರದ ಲೇತ್ ಅಂಗಡಿಯಲ್ಲಿ ಅಂತ ದೊಡ್ಡಪ್ಪನ ನೆನಪು. ಕೊಯ್ಲು ಮುಗಿದ ಮೇಲೆ ಶಾಫ್ಟಿನ ಫೋಟೋ ಹಿಡಿದು ಅಲ್ಲಿಗೆ ಹೋಗುತ್ತೇನೆ. ಅಜ್ಜಿಯನ್ನೂ ಕರೆದಿದ್ದೇನೆ, ಬರುತ್ತೇನೆ ಅಂದಿದ್ದಾರೆ.