"ಮಗು ಚೆನ್ನಾಗಿ ತಿನ್ನುತ್ತಾ?" ಅಂತ ಕೇಳುವುದನ್ನು ಬಿಟ್ಟೆ

ನಾನು ಸ್ಪೀಚ್ ಥೆರಪಿಸ್ಟ್. ಮಾತಿನವಳಿಗೆ ಊಟದ ವಿಷಯ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಮಾತಾಡುವ ತುಟಿ, ನಾಲಿಗೆಯೇ ಅಲ್ವಾ ಅಗಿಯುವುದು, ನುಂಗುವುದು?

ಅಂಗನವಾಡಿಗಳಿಗೆ ತಪಾಸಣೆಗೆ ಹೋಗಲು ಶುರು ಮಾಡಿದಾಗ "ಮಗು ಚೆನ್ನಾಗಿ ತಿನ್ನುತ್ತಾ?" ಅಂತ ಕೇಳುತ್ತಿದ್ದೆ. "ತಿಂತಾನೆ" ಅನ್ನುತ್ತಿದ್ದರು, ಇಲ್ಲವೇ "ತುಂಬಾ ಹಟ" ಅನ್ನುತ್ತಿದ್ದರು. ಎರಡರಿಂದಲೂ ಏನೂ ಗೊತ್ತಾಗುತ್ತಿರಲಿಲ್ಲ.

ಎರಡೂವರೆ ವರ್ಷದ ಒಂದು ಹುಡುಗಿ. ತೋಳಿನ ಸುತ್ತಳತೆ 12.8 ಸೆಂ.ಮೀ. 12.5ಕ್ಕಿಂತ ಮೇಲಿದ್ದರೆ ಟೇಪಿನಲ್ಲಿ ಹಸಿರು, ಅಂದರೆ ಅಪೌಷ್ಟಿಕತೆ ಇಲ್ಲ ಅಂತ ಲೆಕ್ಕ. ಅಜ್ಜಿ "ತಿಂತಾಳೆ" ಅಂದರು. ಸರಿ ಇದೆ ಅಂತ ಬರೆದುಕೊಂಡೆ. ಎರಡು ತಿಂಗಳ ಮೇಲೆ ಮತ್ತೆ ಸಿಕ್ಕಾಗ ಆ ವರ್ಷ ಮೂರನೇ ಸಲ ನ್ಯುಮೋನಿಯಾ ಆಗಿತ್ತು. ನನ್ನೆದುರೇ ತಿನ್ನಿಸಿ ಅಂದೆ. ಅಜ್ಜಿ ಕಾಲು ಚಾಚಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿ, ತೆಳ್ಳನೆ ರಾಗಿ ಸರಿಯನ್ನು ಒಳಲೆಯಲ್ಲಿ ಹಾಕತೊಡಗಿದರು. ಆಗಾಗ ಕೆಮ್ಮು. ಕಣ್ಣಲ್ಲಿ ನೀರು. ಗಂಟಲಲ್ಲಿ ಗೊರಗೊರ. ಬಟ್ಟಲು ಖಾಲಿಯಾಗಲು 50 ನಿಮಿಷ. ದಿನಕ್ಕೆ ನಾಲ್ಕು ಸಲ ಅಷ್ಟು ತಾಳ್ಮೆಯಿಂದ ತಿನ್ನಿಸುತ್ತಿದ್ದ ಆ ಹೆಂಗಸಿಗೆ ಅದು ತೊಂದರೆ ಅಂತ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಈಗ ಮೊದಲು ಕೇಳುವುದು, ಒಂದು ಊಟಕ್ಕೆ ಎಷ್ಟು ಹೊತ್ತು? ದಿನವೂ 30 ನಿಮಿಷ ದಾಟಿದರೆ ಗುರುತು ಹಾಕುತ್ತೇನೆ. ಹಸಿವಾದರೆ, ಹೊಟ್ಟೆ ತುಂಬಿದರೆ ಮಗು ತೋರಿಸುತ್ತಾ? ಮೊಬೈಲ್ ಇಲ್ಲದೆ ಬಾಯಿ ತೆರೆಯುತ್ತಾ? ಮನೆಯವರು ತಿನ್ನುವ ಅನ್ನವನ್ನೇ ತಿನ್ನುತ್ತಾ, ಮಿಕ್ಸಿಗೆ ಹಾಕಬೇಕಾ? ಕೊನೆಗೆ, ನಿಮಗೆ ಚಿಂತೆ ಇದೆಯಾ? ಇದ್ದರೆ ಸುಮ್ನೆ ಸಮಾಧಾನ ಹೇಳಿ ಕಳಿಸುವುದಿಲ್ಲ.

ಆಮೇಲೆ ಹತ್ತು ನಿಮಿಷ ನೋಡುತ್ತೇನೆ. ಮನೆಯಲ್ಲಿ ಕೊಡುವ ಊಟವನ್ನೇ, ದಿನಾ ತಿನ್ನಿಸುವವರ ಕೈಯಿಂದಲೇ. ಕತ್ತು ನಿಲ್ಲುತ್ತಾ? ಚಮಚದ ಮೇಲೆ ತುಟಿ ಮುಚ್ಚುತ್ತಾ? ನಾಲಿಗೆ ತುತ್ತನ್ನು ಹೊರಗೆ ತಳ್ಳುತ್ತಾ? ನುಂಗಿದ ಮೇಲೆ "ಆ" ಅನ್ನಿಸುತ್ತೇನೆ. ದನಿ ಒದ್ದೆಯಾಗಿ ಗೊರಗೊರ ಅಂದರೆ, ಕೆಮ್ಮು ಬಂದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಕೆಲವು ಮಕ್ಕಳಿಗೆ ಆಹಾರ ಶ್ವಾಸನಾಳಕ್ಕೆ ಹೋದರೂ ಕೆಮ್ಮೇ ಬರುವುದಿಲ್ಲ. ಹಾಗಾಗಿ ಪದೇ ಪದೇ ನ್ಯುಮೋನಿಯಾ ಆಗಿದ್ದರೆ, ಊಟ ಚೆನ್ನಾಗಿ ಕಂಡರೂ ಮಕ್ಕಳ ಡಾಕ್ಟರ ಹತ್ತಿರ ಕಳಿಸುತ್ತೇನೆ. ಇದೆಲ್ಲ ಮೊರದಲ್ಲಿ ಕೇರಿದ ಹಾಗೆ. ಕಾಯಿಲೆ ಯಾವುದು ಅಂತ ಇಲ್ಲಿ ಗೊತ್ತಾಗುವುದಿಲ್ಲ.

ಆ ಹುಡುಗಿಯನ್ನು ಜಿಲ್ಲಾ ಆಸ್ಪತ್ರೆಯ ಡಿಇಐಸಿಗೆ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಕೇಂದ್ರಕ್ಕೆ, ಕಳಿಸಿದೆ. ಅವಳಿಗೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಸ್ನಾಯುಗಳ ಹಿಡಿತ ತಪ್ಪುವ ಸ್ಥಿತಿ) ಇತ್ತು, ತೀರಾ ಜಾಸ್ತಿ ಅಲ್ಲ. ನುಂಗುವುದನ್ನು ಪರೀಕ್ಷೆ ಮಾಡಿ, ಮಲಗಿಸಿ ತಿನ್ನಿಸುವುದನ್ನು ಬಿಡಿಸಿದರು. ಈಗ ಬೆನ್ನಿಗೆ ಸುತ್ತಿದ ಟವೆಲ್ ಇಟ್ಟು ಕೂರಿಸುತ್ತಾರೆ. ರಾಗಿ ಸರಿ ಗಟ್ಟಿಯಾಗಿದೆ, ಚಮಚ ಚಿಕ್ಕದಾಗಿದೆ. ಹೋದ ಸಲ ಗಡಿಯಾರ ನೋಡಿದೆ, 25 ನಿಮಿಷ. ಅಜ್ಜಿ ಈಗ ಅಂಗನವಾಡಿಗೆ ಬರುವ ಬೇರೆ ತಾಯಂದಿರಿಗೂ "ಎಷ್ಟು ಹೊತ್ತು ಹಿಡಿಯುತ್ತೆ?" ಅಂತಲೇ ಕೇಳುತ್ತಾರೆ.