ಹಿಂಬಾಗಿಲಿನಿಂದ ಬಂದವನು ವಾರ್ಡ್ ಗೆದ್ದದ್ದು

ಪಟ್ಟಣ ಪಂಚಾಯಿತಿಗೆ ಸರ್ಕಾರ ನೇಮಿಸಿದ ನಾಮನಿರ್ದೇಶಿತ ಸದಸ್ಯ ಚುನಾವಣೆಗೆ ನಿಂತರೆ ಠೇವಣಿಯೂ ಉಳಿಯುವುದಿಲ್ಲ ಎಂದು ನಮ್ಮ ಕಡೆ ಎಲ್ಲರೂ ನಂಬಿದ್ದರು. ಪಕ್ಷದ ಹಿರಿಯರೊಬ್ಬರು ನನ್ನ ಮುಖಕ್ಕೇ ಹೇಳಿದ್ದರು: "ಹಿಂಬಾಗಿಲಿನಿಂದ ಬಂದವನು ನೀನು ಮಾರಾಯ, ಸುಮ್ನೆ ದುಡ್ಡು ಕಳೀಬೇಡ." ಗೆದ್ದ ಮೇಲೆ ಅವರೇ ನನ್ನನ್ನು ತೋರಿಸಿ "ನಾನು ತಯಾರು ಮಾಡಿದ ಹುಡುಗ" ಅನ್ನುತ್ತಾರೆ. ಇರಲಿ ಬಿಡಿ. ಪಟ್ಟಣದ ಹೆಸರು ಬರೆಯುವುದಿಲ್ಲ. ಕೊಡಗಿನ ಪಟ್ಟಣಗಳನ್ನು ಬೆರಳಲ್ಲಿ ಎಣಿಸಬಹುದು, ಬೇಕಾದವರು ಹುಡುಕಿಕೊಳ್ಳುತ್ತಾರೆ.

ಪಟ್ಟಣ ಪಂಚಾಯಿತಿಗೆ ನನ್ನ ಹೆಸರು ಹೋದ ಕಥೆ ನಾಮನಿರ್ದೇಶಿತರಾದ ನಿಮ್ಮೆಲ್ಲರ ಕಥೆಯೇ. ಮೊದಲು ಕುರ್ಚಿ ಹೊತ್ತದ್ದು, ಆಮೇಲೆ ಪಟ್ಟಿಯಲ್ಲಿ ಹೆಸರು ಬಂದದ್ದು, ಕೊನೆ ಗಳಿಗೆಯಲ್ಲಿ ಬಿಟ್ಟುಹೋದದ್ದು, ಮತ್ತೆ ಬಂದದ್ದು. ಪುರಸಭೆ ಆಡಳಿತದಲ್ಲಿ ವಿಶೇಷ ಜ್ಞಾನ ಅಥವಾ ಅನುಭವ ಇರುವವರನ್ನು ನಾಮನಿರ್ದೇಶನ ಮಾಡಬಹುದು ಎಂದು ಸಂವಿಧಾನದ 243ಆರ್ ವಿಧಿ ಹೇಳುತ್ತದೆ. ನನ್ನ ವಿಶೇಷ ಜ್ಞಾನ ಏನಂದರೆ ಹತ್ತಾರು ವರ್ಷ ಬೂತ್ ಹೊರಗೆ ಕೂತು ಮತದಾರರ ಚೀಟಿ ಬರೆದದ್ದು. ಅದೇ ವಿಧಿ ನಮಗೆ ಸಭೆಯಲ್ಲಿ ಮತ ಹಾಕುವ ಹಕ್ಕಿಲ್ಲ ಎಂದೂ ಹೇಳುತ್ತದೆ. ಅಧ್ಯಕ್ಷರ ಚುನಾವಣೆಯ ದಿನ ಶಾಸಕರು, ಸಂಸದರು ಬಂದು ಕೈ ಎತ್ತಿದರು. ನಾವು ಮೂಲೆಯಲ್ಲಿ ಕೂತು ಟೀ ಕುಡಿದೆವು.

ಕೊಡಗಿಗೆ ನಾಮನಿರ್ದೇಶನ ಹೊಸದೇನಲ್ಲ. 1924ರಲ್ಲಿ ಕೊಡಗಿನ ಶಾಸನ ಪರಿಷತ್ತು ಶುರುವಾದಾಗ ಅದರಲ್ಲಿ 15 ಜನ ಚುನಾಯಿತರು, 5 ಜನ ನಾಮನಿರ್ದೇಶಿತರು. 1952ರಲ್ಲಿ 24 ಸ್ಥಾನಗಳ ವಿಧಾನಸಭೆಯೇ ಬಂತು, ಸಿ.ಎಂ. ಪೂಣಚ್ಚನವರು ಮುಖ್ಯಮಂತ್ರಿಯಾದರು. 1956ರ ನವೆಂಬರ್ 1ಕ್ಕೆ ಅದು ಮುಗಿಯಿತು. ಈಗ ನಮಗೆ ವಿಧಾನಸಭೆಯಲ್ಲಿ ಎರಡೇ ಕ್ಷೇತ್ರ, ಮಡಿಕೇರಿ ಮತ್ತು ವಿರಾಜಪೇಟೆ. ಬೆಂಗಳೂರಿನ ವಿಧಾನ ಪರಿಷತ್ತಿನ 75 ಜನರಲ್ಲಿ 11 ಜನರನ್ನು ರಾಜ್ಯಪಾಲರು ನಾಮನಿರ್ದೇಶನ ಮಾಡುತ್ತಾರೆ. ಅವರಿಗೆ ಸದನದಲ್ಲಿ ಮತ ಇದೆ. ಅದೇ ಬಾಗಿಲಿನಿಂದ ಬಂದ ನಮಗೆ ಮಾತ್ರ ಇಲ್ಲ. ಇದನ್ನು ಹೇಳಿದರೆ ನಮ್ಮ ಪಕ್ಷದವರು "ನೀನು ಎಂಎಲ್‌ಸಿ ಆಗೋಕೆ ಹೊರಟಿದ್ದೀಯಾ?" ಎಂದು ನಗುತ್ತಿದ್ದರು.

ಕೆಲಸದ ಮಾತಿಗೆ ಬರುತ್ತೇನೆ. ನಮಗೆ ವಾರ್ಡ್ ಇಲ್ಲ. ಹಾಗಾಗಿ ಹೆಚ್ಚಿನವರು ಇಡೀ ಪಟ್ಟಣ ಸುತ್ತುತ್ತಾರೆ, ಕಾರಿಗೆ ಬೋರ್ಡ್ ಹಾಕುತ್ತಾರೆ, ಮದುವೆಗಳಿಗೆ ಹೋಗುತ್ತಾರೆ. ಮೊದಲ ವರ್ಷ ನಾನೂ ಅದನ್ನೇ ಮಾಡಿದೆ. ದಸರಾಕ್ಕೆ ಶುಭಾಶಯದ ಬ್ಯಾನರ್ ಕಟ್ಟಿಸಿದೆ. ಫ್ಲೆಕ್ಸ್ ನಿಷೇಧ ಅಂತ ಬಟ್ಟೆಯದ್ದೇ ಮಾಡಿಸಿದ್ದು, ಹತ್ತು ಹನ್ನೆರಡು ಸಾವಿರ ಹೋಯಿತು. ಎರಡು ದಿನದ ಮಳೆಗೆ ನನ್ನ ಮುಖ ಇಳಿದು ಹೋಗಿ ಪಕ್ಕದಲ್ಲಿದ್ದ ಸಚಿವರ ಮುಖಕ್ಕೆ ಸೇರಿತು. ವಾಟ್ಸಾಪ್ ಗುಂಪು ಮಾಡಿದೆ. ನೀರು ಬಂದಿಲ್ಲ ಎಂದು ಯಾರಾದರೂ ಬರೆದರೆ ಅದರ ಮೇಲೆ ನಲವತ್ತು ಶುಭೋದಯ ಬೀಳುತ್ತಿತ್ತು. ಕ್ರಿಕೆಟ್ ಟೂರ್ನಿಗೆ ಕಪ್ ಕೊಟ್ಟೆ. ಗೆದ್ದ ತಂಡದ ಹುಡುಗರೆಲ್ಲ ಬೇರೆ ಪಂಚಾಯಿತಿಯವರು, ಇಲ್ಲಿ ಓಟೇ ಇಲ್ಲ!

ಆಮೇಲೆ ಪಕ್ಕಪಕ್ಕದ ಎರಡು ವಾರ್ಡ್ ಹಿಡಿದೆ. ಒಂದಲ್ಲ, ಎರಡು. ಮೀಸಲಾತಿ ಪಟ್ಟಿ ಯಾವಾಗ ಹೇಗೆ ತಿರುಗುತ್ತದೆ ಎಂದು ಯಾರಿಗೆ ಗೊತ್ತು? ಒಂದು ಮಹಿಳೆಗೆ ಹೋದರೆ ಇನ್ನೊಂದು ಉಳಿಯಲಿ ಎಂಬ ಲೆಕ್ಕ. "ವಾರ್ಡ್ ಇಲ್ಲದವನು ಎರಡು ವಾರ್ಡ್ ಸಾಕ್ತಾ ಇದಾನೆ" ಎಂದು ಆಡಿಕೊಂಡರು. ಹಳೆ ಸದಸ್ಯರಿಗೆ ಸಿಟ್ಟು ಬರದ ಹಾಗೆ ಇದನ್ನು ಹೇಗೆ ಮಾಡಿದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನನಗೆ ಇನ್ನೂ ಒಂದು ಚುನಾವಣೆ ಇದೆ.

ಒಂದು ಉದ್ದ ಲೆಕ್ಕದ ಪುಸ್ತಕ ತಂದೆ. ಮನೆ, ಹೆಸರು, ಏನು ಬಾಕಿ, ಕಡತ ಯಾರ ಮೇಜಿನ ಮೇಲಿದೆ. ಇಷ್ಟೇ. ರಸ್ತೆ, ಚರಂಡಿ ಮುಂತಾದ ದೊಡ್ಡ ಕೆಲಸ ಮುಟ್ಟಲಿಲ್ಲ. ಅವು ಆದರೆ ಹೆಸರು ಚುನಾಯಿತ ಸದಸ್ಯರಿಗೆ ಹೋಗುತ್ತದೆ, ಆಗದಿದ್ದರೆ ಬೈಗುಳ ಎಲ್ಲರಿಗೂ. ನಾನು ಹಿಡಿದದ್ದು ಖಾತೆ ಕೆಲಸ. ಗಂಡ ತೀರಿಹೋಗಿ ವರ್ಷಗಳಾದರೂ ಖಾತೆ ಅವರ ಹೆಸರಲ್ಲೇ ಇರುತ್ತದೆ. ವಂಶವೃಕ್ಷ ಇದ್ದರೆ ಮರಣ ಪತ್ರ ಇಲ್ಲ, ಅದಿದ್ದರೆ ತೆರಿಗೆ ರಸೀದಿ ಇಲ್ಲ. ಇ-ಖಾತೆ ಇಲ್ಲದೆ ನೋಂದಣಿ ಆಗುವುದಿಲ್ಲ, ಬ್ಯಾಂಕು ಸಾಲ ಕೊಡುವುದಿಲ್ಲ. ಒಬ್ಬರು ಅಜ್ಜಿಯ ಕಡತ ಒಂದು ವರ್ಷದ ಮೇಲೆ ಓಡಾಡಿತು. ಕೈಗೆ ಖಾತೆ ಬಂದ ದಿನ ಅಜ್ಜಿ ಹೇಳಿದ್ದು: "ಮಗಾ, ಇನ್ನು ನನ್ನ ಮಕ್ಕಳು ಜಗಳ ಶುರು ಮಾಡ್ತಾರೆ." ಜಗಳ ಶುರುವಾಯಿತು ಕೂಡ. ಆದರೆ ಆ ಮನೆಯ ಐದೂ ಓಟು ನನಗೇ ಬಂತು ಎಂದು ನಂಬಿದ್ದೇನೆ.

ಇನ್ನೊಂದು ಕೆಲಸ ಸಭೆಯಲ್ಲಿ. ಮತ ಇಲ್ಲದಿದ್ದರೂ ಬಾಯಿ ಇದೆ. ಪರಿಶಿಷ್ಟರಿಗೆಂದು ಶೇ. 24.10, ಇತರ ಬಡವರಿಗೆಂದು ಶೇ. 7.25, ಅಂಗವಿಕಲರಿಗೆಂದು ಶೇ. 5 ಎತ್ತಿಡುವ ನಿಧಿಗಳು ನಿಮಗೆ ಗೊತ್ತೇ ಇವೆ. "ಉಳಿಕೆ ಎಷ್ಟು?" ಎಂದು ಯಾರೂ ಕೇಳುವುದಿಲ್ಲ. ನಾನು ಪ್ರತಿ ಡಿಸೆಂಬರಿನಲ್ಲಿ ಕೇಳಿದೆ, ಫೆಬ್ರವರಿಯಲ್ಲಿ ಮತ್ತೆ ಕೇಳಿದೆ, ನಡಾವಳಿಯಲ್ಲಿ ಬರೆಸಿದೆ. ಮಾರ್ಚ್ ಬಂದರೆ ಆಯಿತು, ಗಡಿಬಿಡಿಯಲ್ಲಿ ಏನೋ ಒಂದು ಬಿಲ್ ಮಾಡಿ ಮುಗಿಸುತ್ತಾರೆ. ಶೇ. 5ರಲ್ಲಿ ಅಂಗವಿಕಲರಿಗೆ ಮೂರು ಚಕ್ರದ ವಾಹನ, ಶೇ. 24.10ರಲ್ಲಿ ಕಾಲೋನಿಯ ಮಕ್ಕಳ ಫೀಸು, ಹೀಗೆ ಸಣ್ಣಪುಟ್ಟದ್ದು ಹೊರಗೆ ಬಂತು. ನನ್ನ ಕೈಯಿಂದ ಪೈಸೆ ಖರ್ಚಿಲ್ಲ. ಫೆಬ್ರವರಿಗೆ ಮೊದಲು ಕೇಳಿ, ಅಷ್ಟೇ ಗುಟ್ಟು.

ನಡುವೆ ಒಂದು ಹುಚ್ಚು ಪ್ರಯೋಗ ಮಾಡಿದೆ. ಹಸಿ ಕಸಕ್ಕೆ ಕಾಫಿ ಹೊಟ್ಟು, ಸಗಣಿ ನೀರು ಸೇರಿಸಿ ಗೊಬ್ಬರ. ಹೊಟ್ಟು ಬಿಟ್ಟಿ ಸಿಕ್ಕಿತು, ತಗಡಿನ ಶೆಡ್ಡು ಮತ್ತು ಸಾಗಾಟಕ್ಕೆ ಸುಮಾರು ಹದಿನೆಂಟು ಸಾವಿರ ಹೋಯಿತು. ಜೂನ್ ಮಳೆಗೆ ರಾಶಿ ತಣ್ಣಗಾಯಿತು, ಕಾವೇ ಏರಲಿಲ್ಲ. ನಾಯಿಗಳು ಕೆದಕಿದವು. ಮಳೆ ಬಿಟ್ಟ ಮೇಲೆ ಹೊಟ್ಟು ಕಡಿಮೆ ಮಾಡಿ ಒಣ ಎಲೆ ಜಾಸ್ತಿ ಮಾಡಿದೆ. ನಾಲ್ಕು ತಿಂಗಳಿಗೆ ಒಳ್ಳೆ ಗೊಬ್ಬರ ಬಂತು, ಈಗಲೂ ನಮ್ಮ ಮನೆ ಕರಿಮೆಣಸಿಗೆ ಅದೇ. ಇದರಿಂದ ಒಂದು ಓಟೂ ಬಂದಿರಲಿಕ್ಕಿಲ್ಲ. ಆದರೆ ಪೌರಕಾರ್ಮಿಕರ ಸ್ನೇಹ ಆಯಿತು. ಯಾವ ಬೀದಿಯಲ್ಲಿ ಯಾವ ಮನೆ ಬೀಗ ಹಾಕಿದೆ, ಯಾರ ಮನೆಯಲ್ಲಿ ಯಾರು ಹುಷಾರಿಲ್ಲ, ಅವರಷ್ಟು ಯಾರಿಗೂ ಗೊತ್ತಿರುವುದಿಲ್ಲ.

ಆಮೇಲೆ ಸರ್ಕಾರ ಬದಲಾಯಿತು. ಒಂದು ಆದೇಶ ಬಂತು, ನಮ್ಮ ನಾಮನಿರ್ದೇಶನ ರದ್ದು. ನಿನ್ನೆವರೆಗೆ "ಸಾರ್" ಎನ್ನುತ್ತಿದ್ದ ಗುಮಾಸ್ತರು "ಏನಪ್ಪಾ, ಈ ಕಡೆ?" ಎಂದರು. ನನ್ನ ಜೊತೆಗಿದ್ದ ಇಬ್ಬರೂ ಅವತ್ತಿನಿಂದ ಕಚೇರಿ ಮೆಟ್ಟಿಲು ಹತ್ತಲಿಲ್ಲ. ನಾನು ಸೋಮವಾರ ಸೋಮವಾರ ಅದೇ ಪುಸ್ತಕ ಹಿಡಿದು ಹೋದೆ, ಸಾಮಾನ್ಯ ಅರ್ಜಿದಾರರ ಸಾಲಿನಲ್ಲಿ ನಿಂತೆ. ನನ್ನ ಗೆಲುವು ಶುರುವಾದದ್ದು ಅಲ್ಲಿ ಎನ್ನುವುದು ನನ್ನ ಲೆಕ್ಕ. ಹುದ್ದೆ ಇದ್ದಾಗ ಮಾಡಿದ್ದನ್ನು ಜನ ಹುದ್ದೆಯ ಲೆಕ್ಕಕ್ಕೆ ಬರೆಯುತ್ತಾರೆ. ಹೋದ ಮೇಲೆ ಮಾಡಿದ್ದು ಮಾತ್ರ ನಮ್ಮ ಹೆಸರಿಗೆ ಬರುತ್ತದೆ.

ಮೀಸಲಾತಿ ಪಟ್ಟಿ ಬಂತು. ಒಂದು ವಾರ್ಡ್ ಮಹಿಳೆಗೆ, ಇನ್ನೊಂದು ಸಾಮಾನ್ಯ. "ಅದಕ್ಕೆ ನಾನು ನಿಲ್ಲಲಾ ರೀ?" ಎಂದು ಹೆಂಡತಿ ಕೇಳಿದಳು. ಅವಳು ನಿಂತಿದ್ದರೆ ನನಗಿಂತ ಜಾಸ್ತಿ ಓಟು ಬೀಳುತ್ತಿತ್ತು, ಸುಳ್ಳಲ್ಲ. ಆದರೆ ಒಂದು ಮನೆಗೆ ಎರಡು ಬಿ ಫಾರಂ ಯಾರು ಕೊಡುತ್ತಾರೆ? ನನಗೇ ಅದು ಸಿಕ್ಕಿದ್ದು ಕೊನೆಯ ದಿನ, ಆ ವಾರ್ಡ್ ಬೇರೆ ಯಾರಿಗೂ ಬೇಡವಾದ ಮೇಲೆ.

ಕಾಫಿ ಕೊಯ್ಲಿನ ಸಮಯ. ಬೆಳಗ್ಗೆ ಏಳಕ್ಕೆ ಪಿಕಪ್ ಬಂದು ಕೆಲಸದವರನ್ನು ತೋಟಕ್ಕೆ ಕರೆದೊಯ್ಯುತ್ತದೆ, ವಾಪಸ್ ಸಂಜೆ ಐದಕ್ಕೆ. ಎದುರಾಳಿಗಳು ಹತ್ತು ಗಂಟೆಗೆ ಡೋಲು ಹಿಡಿದು ಖಾಲಿ ಮನೆಗಳಿಗೆ ಕೈ ಮುಗಿದರು. ನಾನು ಆರಕ್ಕೆ ಪಿಕಪ್ ನಿಲ್ಲುವ ಜಾಗದಲ್ಲಿ ಫ್ಲಾಸ್ಕ್ ಹಿಡಿದು ನಿಂತೆ. ಮನೆಗೆ ಹೋದಾಗ ಕರಪತ್ರ ಕೊಡಲಿಲ್ಲ, ಪುಸ್ತಕ ತೆಗೆದು ಅವರ ಪುಟ ತೋರಿಸಿದೆ. ಆಗಿದ್ದು, ಆಗದ್ದು, ಎರಡೂ.

ಪಟ್ಟಣ ಪಂಚಾಯಿತಿಗೆ ಚುನಾವಣಾ ಆಯೋಗದ ಖರ್ಚಿನ ಮಿತಿ 1 ಲಕ್ಷ. ನನ್ನದು ಎಪ್ಪತ್ತೈದರಿಂದ ಎಂಬತ್ತು ಸಾವಿರದೊಳಗೆ ಮುಗಿಯಿತು. ಆಟೋ ಮತ್ತು ಮೈಕಿಗೆ ಇಪ್ಪತ್ತರ ಹತ್ತಿರ, ಮುದ್ರಣಕ್ಕೆ ಹತ್ತು, ಉಳಿದದ್ದು ಹೆಚ್ಚುಕಡಿಮೆ ಹುಡುಗರ ಊಟಕ್ಕೆ. ಮೈಕಿನ ದುಡ್ಡು ದಂಡ, ಮುಂದಿನ ಸಲ ಆಟೋ ಬೇಡ. ಎದುರು ಮನೆಗಳಿಗೆ ಕುಕ್ಕರ್ ಬಂತು ಎಂದು ಸುದ್ದಿ, ನಾನು ಕಣ್ಣಾರೆ ನೋಡಿಲ್ಲ. ಬಿದ್ದ ಓಟು ಐನೂರರ ಆಸುಪಾಸು, ನಾಲ್ಕು ಜನ ಕಣದಲ್ಲಿ, ಗೆದ್ದದ್ದು ಅರುವತ್ತರ ಅಂತರದಲ್ಲಿ. ನೋಟಾಕ್ಕೂ ಏಳೆಂಟು ಬಿದ್ದಿತ್ತು.

ಗೆದ್ದ ಖುಷಿಯಲ್ಲಿ ಖರ್ಚಿನ ಲೆಕ್ಕ ಕೊಡುವುದನ್ನು ಮರೆಯಬೇಡಿ. ಫಲಿತಾಂಶ ಬಂದು 30 ದಿನದೊಳಗೆ ಕೊಡಬೇಕು. ಸೋತವರೂ ಕೊಡಬೇಕು, ಕೊಡದೆ ಮುಂದಿನ ಸಲ ಅನರ್ಹರಾದರೆ ಯಾರೂ ಕೇಳುವುದಿಲ್ಲ. ಟೀ ಅಂಗಡಿಯವನು ಬಿಲ್ ಕೊಡುವುದಿಲ್ಲ ಅನ್ನುತ್ತಾನೆ. ನಾನು ಮೊದಲ ದಿನವೇ ರಸೀದಿ ಪುಸ್ತಕ ತಂದು ಅವನ ಗಲ್ಲಾದ ಮೇಲೆ ಇಟ್ಟಿದ್ದೆ.